ಎಂಜಿನ್ನಿನ ಪಾಲಿನ ತೀರ್ಥ

ಬೆಳಗ್ಗೆ ಎದ್ದು ಶಿಲುಬೆ ಗುರುತು ಹಾಕಿಕೊಂಡ ಮೇಲೆ ವೇದಮುತ್ತು ಮಾಡುತ್ತಿದ್ದ ಮೊದಲ ಕೆಲಸ ಒಂದೇ. ದೋಣಿಯ ಎಂಜಿನ್ನಿನ ಕಾರ್ಬುರೇಟರಿನ ಅಡಿಯ ತಿರುಪು ಬಿಚ್ಚಿ, ಸೋರಿದ ಪೆಟ್ರೋಲನ್ನು ತೆಂಗಿನ ಚಿಪ್ಪಿನಲ್ಲಿ ಹಿಡಿದು, ನಾಟಿ ವೈದ್ಯರು ರೋಗಿಯ ಮೂತ್ರ ನೋಡುವ ಹಾಗೆ ಬೆಳಕಿಗೆ ಓರೆ ಮಾಡಿ ನೋಡುವುದು. ತಳದಲ್ಲಿ ನೀರಿನ ಹನಿ ಕಂಡರೆ ಚೆಲ್ಲುವುದು. ಮಗಳ ಮದುವೆಯ ದಿನವೂ ತಪ್ಪಿಸಲಿಲ್ಲ. ಇಗರ್ಜಿಯಲ್ಲಿ ಅವನ ರೇಷ್ಮೆ ಪಂಚೆ ಪೆಟ್ರೋಲು ನಾರುತ್ತಿತ್ತು.

ಆ ಎಂಜಿನ್ ಸತ್ತಿತು. ಅದನ್ನು ಶುರು ಮಾಡುವ ಹಗ್ಗ ಎಳೆದೆಳೆದು ವೇದಮುತ್ತುವಿನ ಬಲಭುಜವೂ ಅರ್ಧ ಸತ್ತಿತ್ತು. ಹಗ್ಗ ಎಳೆಯಲಾರದವನು ದಡದಲ್ಲಿ ಬಲೆ ಹೊಲಿಯುತ್ತ ಕೂರಬೇಕು. ಅದನ್ನು ನೆನೆದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ನಾಗರಕೋವಿಲಿನ ಅಂಗಡಿಯವನು ಎರಡು ಹೊಸ ಎಂಜಿನ್ ತಂದು ಮರಳಿನ ಮೇಲಿಟ್ಟ. ಒಂದು ಹಳೆಯದರಂತೆ ಕಾರ್ಬುರೇಟರಿನದು. ಇನ್ನೊಂದು ಇಂಜೆಕ್ಷನ್ನಿನದು, ತನ್ನ ಪೆಟ್ರೋಲನ್ನು ತಾನೇ ಅಳೆದು ಚಿಮ್ಮಿಸಿಕೊಳ್ಳುತ್ತದೆ, ಹಗುರಾಗಿ ಒಮ್ಮೆ ಎಳೆದರೆ ಸಾಕು.

"ಇದಕ್ಕೆ ತೀರ್ಥ ಎಲ್ಲಿ ಹಾಕೋದು?" ಎಂದಳು ಹೆಂಡತಿ ಲೂರ್ದಮ್ಮ. ಹೊಸ ಎಂಜಿನ್ನಿಗೆ ಮೊದಲ ದಿನ ಪೆಟ್ರೋಲಿನಲ್ಲಿ ಒಂದು ಚಮಚ ಸಂತ ಅಂತೋಣಿಯಾರ ತೀರ್ಥ ಬೆರೆಸುವುದು ಆ ಕಡಲ ದಡದ ಊರಿನ ಪದ್ಧತಿ.

ಅಂಗಡಿಯವನು ಹೌಹಾರಿದ. "ಅಯ್ಯೋ ಅಮ್ಮಾ, ಹನಿ ನೀರೂ ಕೂಡದು! ಆ ಇನ್ನೊಂದಾದ್ರೆ ತಿರುಪು ಬಿಚ್ಚಿ ಇಳಿಸ್ಬೋದು. ಇದು ನಿಂತೇ ಹೋಗುತ್ತೆ."

"ತೀರ್ಥ ಒಲ್ಲದ ಎಂಜಿನ್ನಾ? ಭಾವ, ಇದು ಯಾವ ಮತದ್ದು ಅಂತ ವಿಚಾರಿಸಿದ್ರಾ?" ಎಂದ ಲೂರ್ದಮ್ಮನ ತಮ್ಮ ದಾಸ್ನೆವಿಸ್.

ಊಟಕ್ಕೆ ಕೂತಿದ್ದ ಪಾದ್ರಿಗಳನ್ನು ಎಬ್ಬಿಸಿ ಕರೆತಂದರು. ಅವರು, "ಮೇಲೆ ಚಿಮುಕಿಸಿದ್ರೆ ಸಾಕು," ಎಂದರು.

"ಅದು ಬರೀ ಸ್ನಾನ ಆಯ್ತು ಫಾದರ್. ಹೊಟ್ಟೆಗೆ?" ಎಂದರು ಸುತ್ತ ನೆರೆದಿದ್ದ ಹೆಂಗಸರು.

"ಅದಕ್ಕೆ ಹೊಟ್ಟೆ ಇಲ್ಲ ತಾಯಿ, ನನಗಿದೆ," ಎಂದು ಪಾದ್ರಿಗಳು ಊಟಕ್ಕೆ ಮರಳಿದರು.

ವೇದಮುತ್ತು ಇಂಜೆಕ್ಷನ್ನಿನದನ್ನು ದೋಣಿಗೆ ಕಟ್ಟಿ ಪರೀಕ್ಷೆಗೆ ಇಳಿಸಿದ. ಎಡಗೈಯಲ್ಲಿ ಒಮ್ಮೆ ಎಳೆದ; ಶುರುವಾಯಿತು. ಅವನ ಕಣ್ಣಲ್ಲಿ ನೀರು ಬಂತು. ದೋಣಿ ದಡದ ಅಲೆಗಳನ್ನು ದಾಟಿದ್ದೇ ತಡ, ಎಂಜಿನ್ ಸೀನಿತು, ಕೆಂಪು ದೀಪ ಮಿಟುಕಿಸಿತು, ಸುಮ್ಮನಾಯಿತು. ಅಲೆಗಳು ದೋಣಿಯನ್ನು ಅಡ್ಡಡ್ಡ ಹೊತ್ತು ತಂದು ಲೂರ್ದಮ್ಮನ ಕಾಲ ಬುಡದಲ್ಲೇ ಇಳಿಸಿದವು.

ಅವಳ ಸೆರಗಿನಲ್ಲಿ ತೀರ್ಥದ ಸೀಸೆಯೂ ಒದ್ದೆ ಚಮಚವೂ ಇದ್ದವು. "ಒಂದೇ ಚಮಚ ರೀ. ನಿಮ್ಮ ಒಳ್ಳೇದಕ್ಕೇ ಹಾಕ್ದೆ."

ಅಂಗಡಿಯವನು ತಲೆ ಮೇಲೆ ಕೈ ಹೊತ್ತು ಕೂತ. ತೊಯ್ದು ತೊಪ್ಪೆಯಾಗಿದ್ದ ವೇದಮುತ್ತು ಹೆಂಡತಿಯ ಮುಂದೆ ಅಂಗೈ ಚಾಚಿದ. "ಸೀಸೇಲಿ ಉಳಿದದ್ದು ಇತ್ತ ಹಾಕು. ಎಂಜಿನ್ನಿನ ಪಾಲು ಇನ್ನು ನಾನೇ ಕುಡೀತೀನಿ." ಕುಡಿದು, ಒದ್ದೆ ಕೈ ಕಣ್ಣಿಗೊತ್ತಿಕೊಂಡು, ಅಂಗಡಿಯವನಿಗೆ ಹೇಳಿದ: "ಇದನ್ನೇ ಶುದ್ಧ ಮಾಡಿ ಕೊಡಿ."

ದಾಸ್ನೆವಿಸ್‌ಗೆ ತಡೆಯಲಾಗಲಿಲ್ಲ. "ಬೇಡ ಭಾವ, ಕಾರ್ಬುರೇಟರಿನದೇ ತಗೊಳ್ಳಿ. ದಿನಾ ನಾನೇ ದೋಣಿ ಹತ್ತಿ ಹಗ್ಗ ಎಳೀತೀನಿ. ಕೂಲಿ ಬೇಡ, ಒಂದು ಮೀನೂ ಬೇಡ."

ಹುಡುಗಾಟದ ಮಾತಲ್ಲ ಅದು. ವೇದಮುತ್ತು ಅವನ ಹೆಗಲ ಮೇಲೆ ಎಡಗೈ ಇಟ್ಟ.

"ಬೇಡ ದಾಸ. ನೀನು ಹಗ್ಗ ಎಳೆದ್ರೆ ಕಡಲಿಗೆ ಹೋಗೋನು ನೀನು. ನಾನು ಬುತ್ತಿ ಥರ ಜೊತೇಲಿ ಬರ್ತೀನಿ, ಅಷ್ಟೆ."