ವಕೀಲರ ಮುಂದೆ ನಾನು ಹೇಳಿದ ಸುಳ್ಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲ ಕೆಲಸಕ್ಕೂ ಹೊತ್ತು ನಿಗದಿಯಾಗಿತ್ತು. ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಬೇಕು, ಆರಕ್ಕೆ ಸ್ನಾನ, ಏಳಕ್ಕೆ ಮಗ್ಗಿ. ಆದರೆ ನಾನು ಏಳುತ್ತಿದ್ದುದು ಆರಕ್ಕೆ. ನನ್ನ ಪಾಲಿನ ಕೊಟ್ಟಿಗೆಯನ್ನೂ ಅಕ್ಕನೇ ಗುಡಿಸುತ್ತಿದ್ದಳು.

ಅಕ್ಕ ನನ್ನ ದೊಡ್ಡಪ್ಪನ ಮಗಳು. ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ತೀರಿಕೊಂಡಿದ್ದರು. ಪಂಚನಹಳ್ಳಿ ಹತ್ತಿರದ ಅವರ ತೆಂಗಿನ ತೋಟ ಅಕ್ಕನ ಹೆಸರಿಗೆ ಬಂದಿತ್ತು. ಅಂಥ ಮಕ್ಕಳಿಗೆ ಆಗ ಕೋರ್ಟು ಒಬ್ಬ ಗಾರ್ಡಿಯನ್ ನೇಮಿಸುತ್ತಿತ್ತು. ಅವರು ಆಸ್ತಿ ಕಾಯಬೇಕು, ಮಗುವನ್ನು ಸಾಕಿ ಓದಿಸಬೇಕು. ಅಕ್ಕನಿಗೆ ಗಾರ್ಡಿಯನ್ ಆದವರು ನಮ್ಮ ಅಪ್ಪ. ಅಪ್ಪ ತೋಟ ಕಾದರು, ಅಕ್ಕನನ್ನು ಸಾಕಿದರು. ಶಾಲೆಗೆ ಮಾತ್ರ ಕಳಿಸಲಿಲ್ಲ.

ಅವಳ ಸೋದರಮಾವ ತರೀಕೆರೆಯವರು. ಹುಡುಗಿಯನ್ನು ತನಗೆ ಒಪ್ಪಿಸಿದರೆ ಓದಿಸುತ್ತೇನೆ ಎಂದು ಅವರು ಕೋರ್ಟಿಗೆ ಅರ್ಜಿ ಹಾಕಿದರು. ವಿಚಾರಿಸಿ ಬರಲು ಕೋರ್ಟು ಒಬ್ಬ ವಕೀಲರನ್ನು ನಮ್ಮ ಮನೆಗೆ ಕಳಿಸಿತು. ಮಾವನೂ ಜೊತೆಗೆ ಬಂದರು.

ಅಟ್ಟದ ಕೊಬ್ಬರಿಯ ಕಮಟು ವಾಸನೆ ನಡುಮನೆಯಲ್ಲೆಲ್ಲ ತುಂಬಿತ್ತು. ಅಕ್ಕ ನನ್ನ ಸ್ಲೇಟನ್ನು ಎದೆಗವಚಿಕೊಂಡು ಕಂಬದ ಪಕ್ಕ ನಿಂತಿದ್ದಳು. ಅಪ್ಪನೇ ಅದನ್ನು ಅವಳ ಕೈಗೆ ಕೊಟ್ಟಿದ್ದರು. ಕಾಯಿ ಸುಲಿದೂ ಸುಲಿದೂ ಅವಳ ಬೆರಳಿಗೆಲ್ಲ ಕಪ್ಪು ಕರೆ ಹಿಡಿದಿತ್ತು.

“ಆ ಕೈ ನೋಡಿ ಸಾರ್, ಓದೋ ಮಗೀನ ಕೈಯಾ ಅದು?” ಅಂದರು ಮಾವ.

ಅಪ್ಪ ನಕ್ಕರು. “ಹಳ್ಳಿ ಮಕ್ಕಳ ಕೈ ಇನ್ನೆಂಗಿರ್ತದೆ ಭಾವ? ನಿಮ್ಮ ಪ್ಯಾಟೆಯೋರಂಗೆ ಪೌಡರ್ ಬಳ್ಕೊಂಡಿರ್ತದಾ?”

ವಕೀಲರು ನನ್ನನ್ನು ಹತ್ತಿರ ಕರೆದರು. “ದೊಡ್ಡೋರ ಜಗಳ ಇದ್ದಿದ್ದೇ. ಮಕ್ಕಳು ಸುಳ್ಳು ಹೇಳಲ್ಲ. ನೀನು ಹೇಳು ಮರಿ, ಅಕ್ಕ ಸ್ಕೂಲಿಗೆ ಬರ್ತಾಳಾ?”

ಅಕ್ಕ ಹೋದರೆ ಕೊಟ್ಟಿಗೆ ನನ್ನ ತಲೆಗೆ ಬೀಳುತ್ತದೆ. ನನಗೆ ಹೊಳೆದದ್ದು ಅದೊಂದೇ.

“ದಿನಾ ಬತ್ತಾಳೆ ಸಾರ್. ಕಾಯಿ ಸುಲಿಯೋದು ಬರೀ ಭಾನುವಾರ.”

ದಿನಾ ಬರುತ್ತಾಳೆ ಅನ್ನು ಎಂದು ಅಪ್ಪ ಹೇಳಿಕೊಟ್ಟಿದ್ದರು. ಭಾನುವಾರದ ಮಾತು ನನ್ನದೇ.

ವಕೀಲರು ಅಕ್ಕನ ಕಡೆ ತಿರುಗಿದರು. “ಹೌದೇನಮ್ಮಾ? ಇಲ್ಲೇ ಇರ್ತೀಯಾ, ಮಾವನ ಜೊತೆ ಹೋಗ್ತೀಯಾ?”

ಅಕ್ಕ ಮಾವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. “ಹೌದು ಸಾರ್. ಇಲ್ಲೇ ಇರ್ತೀನಿ.”

ಮಾವ ಊಟಕ್ಕೂ ನಿಲ್ಲದೆ ಬಸ್ಸಿಗೆ ಹೊರಟುಬಿಟ್ಟರು.

“ಯಾಕಕ್ಕ ಹಂಗಂದೆ?” ಸಂಜೆ ಕೇಳಿದೆ.

“ಇಲ್ಲ ಅಂದಿದ್ರೆ ಎಲ್ರೆದುರಿಗೆ ನಿನ್ನನ್ನ ಸುಳ್ಳ ಅನ್ನೋರು ಕಣೋ. ಹೋಗು, ಮಗ್ಗಿ ಓದ್ಕೋ ಹೋಗು.”

ಮರುದಿನ ಐದಕ್ಕೇ ಎಚ್ಚರವಾಯಿತು. ಕೊಟ್ಟಿಗೆಯಿಂದ ಪೊರಕೆಯ ಸದ್ದು ಬರುತ್ತಿತ್ತು. ನಾನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡೆ.

ಅಕ್ಕನಿಗೆ ಆಗಿನ ಕಾಯ್ದೆ ಹೇಳಿದ ಇಪ್ಪತ್ತೊಂದು ವರ್ಷ ತುಂಬಿದಾಗ ಅಪ್ಪ ಒಂದು ಮರವೂ ಕಮ್ಮಿಯಿಲ್ಲದಂತೆ ತೋಟವನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಪತ್ರಕ್ಕೆ ಅಕ್ಕ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ಸಾಕ್ಷಿಯಾಗಿ ದುಂಡಗೆ ಸಹಿ ಹಾಕಿದವನು ನಾನು.

ಮಕ್ಕಳೇ, ನೀವು ಎರಡು ದಿನ ಶಾಲೆ ತಪ್ಪಿಸಿದರೆ ಟೀಚರ್ ಮನೆಗೇ ಫೋನ್ ಮಾಡುತ್ತಾರೆ. ಓದುವುದು ಮಗುವಿನ ಹಕ್ಕು ಎಂದು ಈಗ ಕಾನೂನೇ ಇದೆ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಕೂಡ ಅಂಗಡಿ ಬೋರ್ಡುಗಳನ್ನು ಕೂಗಿ ಕೂಗಿ ಓದುತ್ತಾಳೆ. ಹೋದ ವಾರ ಕಡೂರು ಬಸ್ ನಿಲ್ದಾಣದಲ್ಲಿ ಅಕ್ಕ ನನ್ನ ತೋಳು ಹಿಡಿದು, “ಇದು ಅಜ್ಜಂಪುರದ್ದೇನೋ?” ಎಂದು ಕೇಳಿದಳು. “ಹೌದಕ್ಕ” ಅಂದೆ. ನನ್ನ ಮಾತನ್ನು ನಂಬಿ, ಇನ್ನೊಬ್ಬರನ್ನು ಕೇಳದೆ ಹತ್ತಿ ಕೂತಳು.