ಮುಳಿಕಟ್ಟಿನ ಕಾಲದ ಐಸ್‌ಕ್ಯಾಂಡಿ ಶುಕೂರ್

ವೇಣೂರಿನ ಅಬ್ದುಲ್ ಶುಕೂರನ ಅಣ್ಣತಮ್ಮಂದಿರೆಲ್ಲ ಗಲ್ಫಿಗೆ ವಿಮಾನ ಹತ್ತಿದರೆ, ಇವನು ಮಂಗಳೂರಿನಿಂದ ಹಳೆಯ ಐಸ್‌ಕ್ಯಾಂಡಿ ಯಂತ್ರವೊಂದನ್ನು ಲಾರಿಗೆ ಹತ್ತಿಸಿಕೊಂಡು ಬಂದ. ನಾರಾವಿಯ ಆಚೆ ಗುಡ್ಡೆಯ ಬುಡದಲ್ಲಿ ಒರತೆ ನೀರು ಚೆಂದ ಉಂಟೆಂದು ಅಲ್ಲೇ ಶೆಡ್ಡು ಹಾಕಿದ. ಪರದೇಶದ ಬಿಸಿಲಲ್ಲಿ ಬೇಯುವುದಕ್ಕಿಂತ ನಮ್ಮ ಬಿಸಿಲಿಗೇ ತಂಪು ಮಾರುವ ಎಂಬುದು ಅವನ ಲೆಕ್ಕಾಚಾರ. ಲೆಕ್ಕಾಚಾರವೇನೋ ಸರಿಯೇ. ಆದರೆ ಪುಣ್ಯಾತ್ಮ ನೀರಿನ ರುಚಿ ನೋಡಿದನೇ ಹೊರತು ಕರೆಂಟಿನ ವಿಷಯ ವಿಚಾರಿಸಲಿಲ್ಲ. ಬೇಸಿಗೆಯ ಮಧ್ಯಾಹ್ನ ಆ ಊರಿನಲ್ಲಿ ಕರೆಂಟೇ ಇರುತ್ತಿರಲಿಲ್ಲ.

ಅದಕ್ಕೆ ಕಾರಣ ಗುಡ್ಡೆ. ಗುಡ್ಡೆ ತುಂಬ ಮುಳಿ, ಅಂದರೆ ಮನೆಯ ಮಾಡಿಗೆ ಹೊದಿಸುವ ಉದ್ದ ಹುಲ್ಲು. ಚಳಿ ಮುಗಿಯುವಷ್ಟರಲ್ಲಿ ಅದು ಒಣಗಿ ಗರಿಗರಿಯಾಗುತ್ತದೆ. ಅದರ ಮೇಲಿನಿಂದಲೇ ಗುಡ್ಡೆಮನೆಗಳಿಗೆ ಕರೆಂಟಿನ ತಂತಿ ಹೋಗಿತ್ತು. ತೊಂಬತ್ತರ ಸುಮಾರಿಗೆ ಒಂದು ಬೇಸಿಗೆ, ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ, ಕಿಡಿ ಉದುರಿ, ಗುಡ್ಡೆಯ ಒಂದು ಮಗ್ಗುಲೇ ಸುಟ್ಟುಹೋಯಿತು. ಕಟ್ಟಿದ್ದ ದನಗಳನ್ನು ಬಿಚ್ಚುವುದಕ್ಕೂ ಪುರುಸೊತ್ತಾಗಲಿಲ್ಲ. ಆಮೇಲೆ ಊರವರು ಲೈನ್‌ಮ್ಯಾನ್ ರುಕ್ಮಯ್ಯನನ್ನು ಕೂರಿಸಿಕೊಂಡು ಒಂದು ಕ್ರಮ ಮಾಡಿದರು. ಮುಳಿ ಒಣಗಿದ ಮೇಲೆ ಮೊದಲ ಮಳೆ ಬೀಳುವವರೆಗೆ, ಗಾಳಿ ಏಳುವ ಮಧ್ಯಾಹ್ನ ಆ ಲೈನಿನ ಕರೆಂಟು ತೆಗೆಯುವುದು, ಬಿಸಿಲು ತಗ್ಗಿದ ಮೇಲೆ ಹಾಕುವುದು. ಮೇಲಧಿಕಾರಿಗಳು ಕಂಡೂ ಕಾಣದಂತೆ ಇದ್ದರು. ಪವರ್‌ಕಟ್ಟಿನ ಹಾಗೆ ಇದಕ್ಕೆ ಊರಿನ ಬಾಯಲ್ಲಿ ಮುಳಿಕಟ್ಟು ಎಂದೇ ಹೆಸರಾಯಿತು.

ಶುಕೂರನ ಶೆಡ್ಡಿಗೂ ಅದೇ ಲೈನು. ಬೆಳಿಗ್ಗೆ ಅಚ್ಚಿಗೆ ಹೊಯ್ದ ಸಕ್ಕರೆ ನೀರು ಇನ್ನೇನು ಗಟ್ಟಿಯಾಯಿತು ಅನ್ನುವಾಗ ಯಂತ್ರ ಗುರ್ ಎಂದು ಉಸಿರು ಬಿಟ್ಟು ನಿಲ್ಲುತ್ತಿತ್ತು. ಶುಕೂರ್ ಹೊರಗೆ ಬಂದು ರುಕ್ಮಯ್ಯನ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದ. ರುಕ್ಮಯ್ಯನೋ, ಸಂಜೆ ಅದೇ ಶೆಡ್ಡಿಗೆ ಬಂದು, ಅರ್ಧ ಕರಗಿದ ಕ್ಯಾಂಡಿ ಚೀಪುತ್ತ, ಇವತ್ತು ಸಿಹಿ ಸ್ವಲ್ಪ ಕಮ್ಮಿ ಎಂದು ಹೇಳಿ ಹೋಗುತ್ತಿದ್ದ. ಇಬ್ಬರಿಗೂ ಒಳಗೊಳಗೇ ದೋಸ್ತಿಯೂ ಇತ್ತೆನ್ನಿ.

ಗುಡ್ಡೆಯವರಿಗೆ ಮಾತ್ರ ಮುಳಿಕಟ್ಟು ಚೆನ್ನಾಗಿ ಒಗ್ಗಿಹೋಯಿತು. ಎಷ್ಟು ಒಗ್ಗಿತೆಂದರೆ, ಮಧ್ಯಾಹ್ನದ ಹೊತ್ತು ಆ ತಂತಿಯನ್ನು ಬಟ್ಟೆ ಒಣಗಿಸುವ ಹಗ್ಗದಷ್ಟೇ ಲೆಕ್ಕಕ್ಕೆ ಇಟ್ಟರು. ತಂತಿಗೆ ತಾಗಿದ ಗೆಲ್ಲು ಕಡಿಯುವುದು, ಸೊಪ್ಪು ಎಳೆಯುವುದು, ಎಲ್ಲವೂ ಆಗಲೇ. ಗುಡ್ಡೆಮನೆಯ ಡೊಂಬಯ್ಯನ ಹೆಂಡತಿ ಸೇಸಮ್ಮ ತಂತಿಯ ಪಕ್ಕದ ಮರದ ಗೇರುಹಣ್ಣು ಕೊಯ್ಯುವುದೂ ಮಧ್ಯಾಹ್ನವೇ, ಅದೂ ಕಬ್ಬಿಣದ ಪೈಪಿನ ದೋಟಿಯಲ್ಲಿ. ಬಿದಿರಿನದ್ದು ಬೇಗ ಸೀಳುತ್ತದೆಂದು ಡೊಂಬಯ್ಯನೇ ಪೈಪಿಗೆ ಕೊಕ್ಕೆ ಬೆಸೆಸಿ ತಂದಿದ್ದ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ವೇಣೂರಿನ ವ್ಯಾಪಾರಿ ಇಬ್ರಾಹಿಂ ಖಲೀಲರ ಮಗಳು ಫರ್ಹಾನಳ ಮದುವೆ ಬಂತು. ಊಟವಾದ ಮೇಲೆ ಎಲ್ಲರಿಗೂ ಶುಕೂರನ ಕ್ಯಾಂಡಿಯೇ ಆಗಬೇಕೆಂದು ಖಲೀಲರು ಹೇಳಿಕಳಿಸಿದರು. ದೊಡ್ಡ ಮನೆಯವರು ಬಾಟಲಿ ಜ್ಯೂಸು ಬಿಟ್ಟು ತನ್ನನ್ನು ಕರೆದದ್ದು ಅದೇ ಮೊದಲು. ಶುಕೂರನಿಗೆ ಸಂತೋಷದಲ್ಲಿ ಅನ್ನ ಸೇರಲಿಲ್ಲ. ಇದೊಂದು ಕೈಹಿಡಿದರೆ ಮುಂದೆ ಮದುವೆಮನೆಗಳೆಲ್ಲ ತನ್ನವೇ, ಊರೂರು ಸೈಕಲ್ ತುಳಿದು ಕ್ಯಾಂಡಿ ಮಾರುವುದು ತಪ್ಪುತ್ತದೆ. ತಪ್ಪಿಹೋದರೆ ಮತ್ತೆ ಯಾರೂ ಕೇಳುವುದಿಲ್ಲ. ಆದರೆ ಮದುವೆಯ ಹಿಂದಿನ ದಿನ ಮಧ್ಯಾಹ್ನವೂ ಯಂತ್ರ ಓಡದೆ ಅಷ್ಟು ಕ್ಯಾಂಡಿ ಆಗುವ ಹಾಗಿರಲಿಲ್ಲ.

ಅಂದು ಲೈನು ತೆಗೆಯಲು ಬಂದ ರುಕ್ಮಯ್ಯನನ್ನು ಶುಕೂರ್ ಟ್ರಾನ್ಸ್‌ಫಾರ್ಮರಿನ ಬುಡದಲ್ಲೇ ಹಿಡಿದ. "ಒಂದು ದಿವಸ ಬಿಡು ಮಾರಾಯ. ಒಂದೇ ಒಂದು ದಿವಸ. ನೋಡು, ಒಂದು ಎಲೆ ಸಹ ಅಲ್ಲಾಡುದಿಲ್ಲ" ಎಂದ.

ರುಕ್ಮಯ್ಯ ಗುಡ್ಡೆ ನೋಡಿದ, ಆಕಾಶ ನೋಡಿದ. ನಿಜಕ್ಕೂ ಗಾಳಿ ಸತ್ತುಹೋಗಿತ್ತು. "ಗಾಳಿ ಎದ್ರೆ ತೆಗೀತೇನೆ, ಆಮೇಲೆ ಬೊಬ್ಬೆ ಹಾಕ್ಬಾರ್ದು" ಎಂದು ಸ್ವಿಚ್ಚು ಮುಟ್ಟದೆ ಅಲ್ಲೇ ನೆರಳಿನಲ್ಲಿ ಕೂತ.

ಇಬ್ಬರೂ ಗಾಳಿಯೊಂದನ್ನೇ ಯೋಚಿಸಿದ್ದರು. ಗುಡ್ಡೆಯವರ ನೆನಪು ಒಬ್ಬನಿಗಾದರೂ ಬರಬೇಡವೇ? ಬರಲಿಲ್ಲ.

ಯಂತ್ರ ಓಡುತ್ತಿತ್ತು. ಶುಕೂರ್ ಹಾಡು ಗುನುಗುತ್ತ ಕಡ್ಡಿ ಚುಚ್ಚುತ್ತಿದ್ದ. ಇದ್ದಕ್ಕಿದ್ದಂತೆ ಯಂತ್ರ ನಿಂತಿತು. ಅವನಿಗೆ ಮೈಯೆಲ್ಲ ಉರಿಯಿತು. ಮಾತು ಕೊಟ್ಟು ಕೈಕೊಟ್ಟನಲ್ಲ ಎಂದು ರಸ್ತೆಗೆ ಬಂದು, ಟ್ರಾನ್ಸ್‌ಫಾರ್ಮರಿನ ಕಡೆ ತಿರುಗಿ ಬಾಯಿಗೆ ಬಂದದ್ದನ್ನೆಲ್ಲ ಬೈದ. ಅಲ್ಲಿಂದ ರುಕ್ಮಯ್ಯ ಓಡಿಕೊಂಡು ಬರುವುದು ಕಾಣಿಸಿತು. "ನಾನು ತೆಗೀಲಿಲ್ಲ, ಫ್ಯೂಸೇ ಹಾರಿದ್ದು" ಎಂದ ರುಕ್ಮಯ್ಯನ ಕಣ್ಣು ಗುಡ್ಡೆಯ ಮೇಲಿತ್ತು. ಅಲ್ಲಿ ಗೇರುಮರದ ಬಳಿ ತೆಳ್ಳಗೆ ಹೊಗೆ ಏಳುತ್ತಿತ್ತು.

ಸೇಸಮ್ಮನ ದೋಟಿ ಎರಡು ತಂತಿಗಳಿಗೆ ಒಟ್ಟಿಗೇ ತಾಗಿತ್ತು. ಇವರು ಏದುಸಿರು ಬಿಡುತ್ತ ಹತ್ತಿ ಬರುವಷ್ಟರಲ್ಲಿ ಡೊಂಬಯ್ಯ, ನೆರೆಯವರು ಸೊಪ್ಪಿನ ಗೆಲ್ಲಿನಿಂದ ಬಡಿದು ಹುಲ್ಲಿನ ಬೆಂಕಿ ಆರಿಸಿದ್ದರು. ಗಾಳಿ ಇರಲಿಲ್ಲ, ಗುಡ್ಡೆ ಉಳಿಯಿತು. ಸೇಸಮ್ಮ ದೂರಕ್ಕೆ ಎಸೆದ ಹಾಗೆ ಬಿದ್ದಿದ್ದಳು. ಉಸಿರಿತ್ತು. ಬಲಗೈ ನೋಡುವ ಹಾಗಿರಲಿಲ್ಲ. ಜೀಪಿನಲ್ಲಿ ಬೆಳ್ತಂಗಡಿಯ ಆಸ್ಪತ್ರೆಯವರೆಗೆ ಶುಕೂರ್ ಅವಳ ತಲೆ ಹಿಡಿದುಕೊಂಡು ಕೂತ. ಕ್ಯಾಂಡಿ ಅಚ್ಚಿನಲ್ಲೇ ಕರಗಿತು. ಖಲೀಲರ ಮನೆಯಲ್ಲಿ ಬಾಟಲಿ ಜ್ಯೂಸು ಕೊಟ್ಟರಂತೆ.

ವಿಚಾರಣೆಗೆ ಬಂದವರ ಎದುರು ರುಕ್ಮಯ್ಯ ಶುಕೂರನ ಹೆಸರೆತ್ತದೆ, ಲೈನು ತೆಗೆಯಲು ತಾನೇ ಮರೆತದ್ದು ಎಂದುಬಿಟ್ಟ, ಬೇರೆ ಊರಿಗೆ ವರ್ಗವಾಗಿ ಹೋದ. ಶುಕೂರನಿಗೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಸೇಸಮ್ಮನಿಗೆ ಎಚ್ಚರ ಬಂದಾಗ, ಕರೆಂಟು ಬಿಡಿಸಿದ್ದು ತಾನೇ ಎಂದು ಹೇಳಿ ಅತ್ತ. ಎಲ್ಲ ಕೇಳಿದ ಮೇಲೆ ಅವಳು ಹೇಳಿದಳು:

"ಕರೆಂಟು ನೀವು ಕೇಳಿದ್ದು ತಪ್ಪಲ್ಲ ಶುಕೂರಾಕ. ನಮಗೂ ಒಂದು ಮಾತು ಹೇಳ್ಬಹುದಿತ್ತಲ್ಲ?"



ಅವಳ ಬಲಗೈ ಬೆರಳುಗಳು ಮತ್ತೆ ಮಡಚಲಿಲ್ಲ. ಮುಳಿಕಟ್ಟು ಮುಂದುವರಿಯಿತು, ಶುಕೂರ್ ಸೈಕಲ್ಲನ್ನೇ ತುಳಿದ. ಕೆಲವು ವರ್ಷಗಳ ನಂತರ ರಸ್ತೆ ಬದಿಯಿಂದ ಹೊಸ ಲೈನು ಎಳೆದರು, ಗುಡ್ಡೆಮನೆಗಳಿಗೆ ರಬ್ಬರು ಹೊದಿಸಿದ ವಯರು ಬಂತು. ಇನ್ನು ಮಧ್ಯಾಹ್ನವೂ ಕರೆಂಟು ಇರುತ್ತದೆಂದು ಹೊಸ ಲೈನ್‌ಮ್ಯಾನ್ ಚಿದಾನಂದ ಮುಂಚಿತವಾಗಿಯೇ ಮನೆಮನೆಗೆ ತಿಳಿಸಿದ್ದ. ಆದರೂ ಮೊದಲ ದಿನ ಮಧ್ಯಾಹ್ನ ಶುಕೂರ್ ಯಂತ್ರ ಹಾಕುವ ಮೊದಲು ಗುಡ್ಡೆ ಹತ್ತಿದ. ಅಂಗಳದಲ್ಲಿ ಎಡಗೈಯಲ್ಲಿ ಗೇರುಬೀಜ ಹರಡುತ್ತಿದ್ದ ಸೇಸಮ್ಮ ಅವನನ್ನು ಕಂಡು ಕೆಲಸ ನಿಲ್ಲಿಸಿದಳು.

"ಗೊತ್ತುಂಟು ನಂಗೆ" ಎಂದಳು. ಅವನು ಹಿಂದೆ ತಿರುಗಬೇಕು, ಅಷ್ಟರಲ್ಲಿ, "ಆದ್ರೂ ಹೇಳಿ" ಎಂದಳು.

"ಇವತ್ತು ಕರೆಂಟು ಉಂಟು ಸೇಸಮ್ಮ" ಎಂದ ಶುಕೂರ್.