ಮೊಳೆ ತಿಕ್ಕಿದ ದಿನ

ನಾನು ಹತ್ತನೆಯ ತರಗತಿಯ ವಿಜ್ಞಾನ ಓದಿದ್ದು ನನ್ನ ನಲವತ್ನಾಲ್ಕನೆಯ ವಯಸ್ಸಿನಲ್ಲಿ. ಮಕ್ಕಳೇ, ಆಗ ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಬಂದು, ಮರಾಠಿ ಸೀಮೆಯ ವಾಕಡದ ಒಂದು ಶಾಲೆಯಲ್ಲಿ ಕಸ ಗುಡಿಸಿ, ಮಕ್ಕಳ ಊಟದ ಪಾತ್ರೆ ತೊಳೆಯುತ್ತಿದ್ದೆ. ಅಲ್ಲಿಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವರು ನಿವೃತ್ತರಾಗುವವರಿದ್ದರು. ಹತ್ತನೆಯದು ಪಾಸಾದರೆ ಆ ಕೆಲಸ ನಿಮಗೇ ಎಂದು ಮುಖ್ಯೋಪಾಧ್ಯಾಯಿನಿ ನನಗೆ ಹೇಳಿದ್ದರು.

ನಮ್ಮೂರ ಶಾಲೆ ಇದ್ದದ್ದು ಏಳನೆಯ ತರಗತಿಯವರೆಗೆ. ಅಲ್ಲಿ ವಿಜ್ಞಾನವೆಂದರೆ ಗೋಡೆಗೆ ತೂಗುಹಾಕಿದ್ದ ಹೃದಯದ ಚಿತ್ರ, ಅಷ್ಟೇ. ಇಲ್ಲಿ ಪುಸ್ತಕವೂ ಮರಾಠಿ. ಆದರೂ ಓದಿಗೆ ನಾನು ಹೆದರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಒಂದೊಂದು ಪಾಠವನ್ನೂ ಎರಡು ಸಲ ಓದುತ್ತಿದ್ದೆ, ಎರಡನೆಯ ಸಲ ಮನಸ್ಸಿನಲ್ಲಿಯೇ ಕನ್ನಡ ಮಾಡಿಕೊಂಡು. ನನ್ನ ಹೆದರಿಕೆಯೆಲ್ಲ ಪ್ರಾಯೋಗಿಕ ಪರೀಕ್ಷೆಯದು. ಅಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಬಾಯಿ ಬಿಡಬೇಕು.

ನನ್ನ ಪಾಲಿಗೆ ಬಂದ ಪ್ರಯೋಗ ಸುಲಭದ್ದು. ಕಬ್ಬಿಣದ ಮೊಳೆಯನ್ನು ಉಪ್ಪುಕಾಗದದಿಂದ ಉಜ್ಜಿ, ಮೈಲುತುತ್ತದ ನೀಲಿ ನೀರಿನಲ್ಲಿ ಇಳಿಬಿಡುವುದು. ಸ್ವಲ್ಪ ಹೊತ್ತಿಗೆ ನೀರಿನಲ್ಲಿದ್ದ ತಾಮ್ರ ಮೊಳೆಯ ಮೇಲೆ ಕಂದಾಗಿ ಕೂರುತ್ತದೆ. ಆ ಕಂದು ಮೊಳೆಯನ್ನು ತೋರಿಸಬೇಕು.

ಎಲ್ಲ ಸರಿಯಾಗಿಯೇ ಆಯಿತು. ಮೊಳೆ ಹೊರತೆಗೆದೆ. ಪರೀಕ್ಷಕಿ ನನ್ನ ಮೇಜಿನತ್ತ ಹೊರಟದ್ದು ಕಂಡಿತು. ದೊಡ್ಡವರ ಮುಂದೆ ಕರೆಗಟ್ಟಿದ ಪಾತ್ರೆ ಇಟ್ಟು ಅಭ್ಯಾಸವಿಲ್ಲದ ಕೈ ನನ್ನದು. ಉಪ್ಪುಕಾಗದ ಎತ್ತಿಕೊಂಡು ಮೊಳೆಯನ್ನು ಥಳಥಳ ತಿಕ್ಕಿಬಿಟ್ಟೆ.

ನನ್ನ ಜೊತೆಗೇ ಪರೀಕ್ಷೆಗೆ ಕಟ್ಟಿದ್ದ ನಮ್ಮ ಓಣಿಯ ಗೆಳತಿ ಎದುರಿಗೆ ನಿಂತಿದ್ದಳು. ಪಿಸುಗುಟ್ಟಿದಳು:

"ಅಕ್ಕಾರ, ಮೊಳಿನೂ ಬಿಡಲಿಲ್ಲಲ್ರಿ ತಿಕ್ಕೂದು! ಈಗೇನ್ ತೋರಸ್ತೀರಿ?"

ನಾನು ಮಾಡಿದ್ದೇನೆಂದು ಆಗಲೇ ನನಗೆ ಗೊತ್ತಾದದ್ದು.

"ನಂದು ತಗೋರಿ, ಲಗೂನ."

"ಬ್ಯಾಡ. ನಿಂದು ನಿನಗ ಬೇಕಲ್ಲ."

"ಭಾಳ ಶಾಣ್ಯಾರ ಅದೀರಿ. ಇನ್ನೊಂದ ವರ್ಷ ಕಸಬರಗಿ ಹಿಡೀರಿ ಹಂಗಾರ."

ಅಷ್ಟರಲ್ಲಿ ಪರೀಕ್ಷಕಿ ಬಂದರು. ಮೊಳೆ ಎತ್ತಿ ನೋಡಿ, ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು, ಮರಾಠಿಯಲ್ಲಿ ಕೇಳಿದರು: "ಮಾವಶಿ, ಇದು ಈಗ ತಾನೇ ಅಂಗಡಿಯಿಂದ ತಂದ ಹಾಗಿದೆ. ಪ್ರಯೋಗ ಎಲ್ಲಿ?"

ನಾನೂ ಮರಾಠಿಯಲ್ಲೇ ಉತ್ತರ ಕೊಟ್ಟೆ. ಮೊದಲ ಎರಡು ಮಾತು ತಡವರಿಸಿದವು, ಆಮೇಲೆ ಇಲ್ಲ.

"ಪ್ರಯೋಗ ಆಗಿತ್ತು, ಮೇಡಂ. ನಾನೇ ತಿಕ್ಕಿ ತೆಗೆದೆ. ಈ ಕಾಗದ ನೋಡಿ, ತಾಮ್ರದ ಪುಡಿ ಇಲ್ಲಿದೆ. ನೀರು ನೋಡಿ, ನೀಲಿ ಹೋಗಿ ಹಸಿರಿಗೆ ತಿರುಗಿದೆ. ಮೊಳೆಯ ಕಬ್ಬಿಣ ಒಳಗೆ ಇಳಿಯದಿದ್ದರೆ ಹಸಿರು ಎಲ್ಲಿಂದ ಬರಬೇಕು?"

ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ತಾಮ್ರದ ತಂತಿಯನ್ನು ಈ ಹಸಿರು ನೀರಿನಂಥದ್ದರಲ್ಲಿ, ಬರೀ ಕಬ್ಬಿಣದ ದ್ರಾವಣದಲ್ಲಿ ಇಳಿಸಿದರೆ?"

"ನಾಳೆಯವರೆಗೆ ಕಾದರೂ ಏನೂ ಆಗುವುದಿಲ್ಲ. ಕಬ್ಬಿಣವನ್ನು ಹೊರಗೆ ತಳ್ಳುವ ಶಕ್ತಿ ತಾಮ್ರಕ್ಕಿಲ್ಲ."

"ಇಷ್ಟೆಲ್ಲ ಗೊತ್ತಿದ್ದೂ ತಿಕ್ಕಿದ್ದು ಯಾಕೆ?"

"ನೀವು ಬರುತ್ತಿದ್ದಿರಲ್ಲ."

ಅವರು ನಕ್ಕುಬಿಟ್ಟರು. "ಇನ್ನೊಂದು ಸಲ ಇಳಿಬಿಡಿ. ನಾನು ಒಂದು ಸುತ್ತು ಹೋಗಿ ಬರುತ್ತೇನೆ. ಅಲ್ಲಿಯವರೆಗೆ ಕೈ ಕಟ್ಟಿಕೊಂಡು ನಿಲ್ಲಿ!"

ನಿಂತೆ. ಹೊಸ ನೀಲಿ ನೀರಿನಲ್ಲಿ ಮೊಳೆ ಮೆಲ್ಲಗೆ ಕಂದಾಯಿತು. ಮುಟ್ಟಲಿಲ್ಲ. ಗೆಳತಿ ಮಾತ್ರ ಉಪ್ಪುಕಾಗದವನ್ನು ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಮೊಣಕೈ ಊರಿ ನಿಂತಿದ್ದಳು.

ಫಲಿತಾಂಶ ಬಂದಾಗ ನನಗೆ ಉಳಿದೆಲ್ಲ ವಿಷಯಗಳಿಗಿಂತ ಹೆಚ್ಚು ಅಂಕ ವಿಜ್ಞಾನದಲ್ಲಿಯೇ ಬಂದಿತ್ತು. ಶಾಲೆ ತೆರೆದ ದಿನ ಪ್ರಯೋಗಾಲಯದ ಬೀಗದ ಕೈ ನನಗೆ ಕೊಟ್ಟರು. ಒಳಗೆ ಹೋಗಿ, ಕಪಾಟಿನ ಬಾಟಲಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ನನಗೆ ಗೊತ್ತಿಲ್ಲದವು ನಾಲ್ಕೇ ಇದ್ದವು.